‘ಸಿಹಿಕಹಿ’ ತರ್ಜುಮೆಯೇ? ಒಂದು ಹೆಸರಿನ ಮರುಪರಿಶೀಲನೆ

ಬೆಂಗಳೂರು ದೂರದರ್ಶನದ ಆರಂಭದ ಧಾರಾವಾಹಿಗಳಲ್ಲೊಂದಾದ ‘ಸಿಹಿಕಹಿ’ಯ ಹೆಸರು ಇಂಗ್ಲಿಷಿನ ‘ಬಿಟರ್‌ಸ್ವೀಟ್’ ಪದದ ತರ್ಜುಮೆ, ಪ್ರಣಯ, ನಗೆ, ಸಂಸಾರ ಬೆರೆತ ಅದರ ಅಚ್ಚು ಬ್ರಿಟಿಷ್ ಟಿ.ವಿ.ಯದು ಎಂದು ವಾದಿಸುವವರಿದ್ದಾರೆ. ಈ ಬಗೆಯ ಬ್ರಿಟಿಷ್ ಧಾರಾವಾಹಿಗೆ ಅವರು ಮಾದರಿಯೆಂದು ಎತ್ತಿಹಿಡಿಯುವ ‘ಕೋಲ್ಡ್ ಫೀಟ್’ ಐಟಿವಿಯಲ್ಲಿ ಮೊದಲು ಕಾಣಿಸಿಕೊಂಡದ್ದು 1997ರಲ್ಲಿ. ನಮ್ಮದು 1980ರ ದಶಕದ್ದು. ಅದಕ್ಕೂ ಹಳೆಯ ಬ್ರಿಟಿಷ್ ಧಾರಾವಾಹಿಗಳಿಲ್ಲವೇ ಎಂದರೆ, ಇವೆ. ಆದ್ದರಿಂದ ಇಸವಿಯ ಜಗಳ ಬಿಟ್ಟು ಹೆಸರಿಗೇ ಬರೋಣ.

ಇಂಗ್ಲಿಷಿನಲ್ಲಿ ಕಹಿ ಮೊದಲು, ಕನ್ನಡದಲ್ಲಿ ಸಿಹಿ ಮೊದಲು ಎಂಬ ಸುಲಭದ ಆಕ್ಷೇಪವನ್ನು ನಾನು ಎತ್ತುವುದಿಲ್ಲ. ‘ನೋವುನಲಿವು’ ಎನ್ನುವ ನಾವೇ ‘ಸುಖದುಃಖ’ ಎಂದೂ ಅನ್ನುತ್ತೇವೆ. ಕ್ರಮದಿಂದ ಏನೂ ಸಿದ್ಧವಾಗದು. ನೋಡಬೇಕಾದದ್ದು ಸಮಾಸವನ್ನು. ‘ಬಿಟರ್‌ಸ್ವೀಟ್’ ಎಂಬುದು ಬೆರೆತುಹೋದ ಒಂದೇ ರುಚಿ, ಗುಣವಾಚಕ. ‘ಸಿಹಿಕಹಿ’ ದ್ವಂದ್ವ: ಎರಡು ರುಚಿ, ಎರಡೂ ತಂತಮ್ಮಷ್ಟಕ್ಕೆ ಉಳಿದವು. ಬೆರೆತ ರುಚಿಯೇ ಬೇಕಿದ್ದರೆ ಯುಗಾದಿಯ ಬೇವುಬೆಲ್ಲ ಕೈಯಳತೆಯಲ್ಲೇ ಇತ್ತಲ್ಲ! ಒಂದೇ ತುತ್ತಿನಲ್ಲಿ ಎರಡನ್ನೂ ನಾಲಗೆಗಿಡುವ ಆ ಪದವನ್ನು ಬಿಟ್ಟು ಇದನ್ನು ಆರಿಸಿದ್ದು ತರ್ಜುಮೆಗಾರನ ಕೆಲಸವಾಗಿ ನನಗೆ ತೋರುವುದಿಲ್ಲ.

ನಗು ಒಂದು ಸರದಿ, ಅಳು ಒಂದು ಸರದಿ ಎಂಬ ಈ ಹಂಚಿಕೆ ಕಂಪನಿ ನಾಟಕ ಕಂಡವರಿಗೆ ಹೊಸದಲ್ಲ. ಕರುಣ ದೃಶ್ಯ ಮುಗಿದೊಡನೆ ಮುಂದಿನ ಪರದೆ ಇಳಿಯುತ್ತದೆ. ಹಿಂದೆ ಅರಮನೆಯೋ ಕಾಡೋ ಸಜ್ಜಾಗುವಷ್ಟರಲ್ಲಿ ಹಾಸ್ಯಗಾರನೂ ಅವನ ಜೋಡಿಯೂ ಬಂದು ತಮ್ಮದೇ ಪ್ರಣಯ, ತಮ್ಮದೇ ಜಗಳ ನಡೆಸುತ್ತಾರೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ನೆಲೆ ದಾವಣಗೆರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅದರ ಸುತ್ತಲಿನ ಊರುಗಳು. ಇಲ್ಲಿನ ಪ್ರೇಕ್ಷಕರಿಗೆ ಈ ಸರದಿಯನ್ನು ಲಂಡನ್ನಿನಿಂದ ಯಾರೂ ಕಲಿಸಬೇಕಿರಲಿಲ್ಲ. (ಆ ಕಾಲದ ಇವರನ್ನು ‘ದಾವಣಗೆರೆ ಜಿಲ್ಲೆಯ ವೀಕ್ಷಕರು’ ಎಂದು ಬರೆಯುವ ಚಾಳಿಯೂ ಸಲ್ಲದು. ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅಲ್ಲಿಯವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿತ್ತು. ಇಷ್ಟನ್ನೂ ನೋಡದವರು ವೀಕ್ಷಕರ ಅಭಿರುಚಿಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ.)

ಎಲ್ಲರ ಕಣ್ಣೆದುರಿಗಿದ್ದೂ ಯಾರೂ ಸಾಕ್ಷ್ಯವೆಂದು ಎಣಿಸದ ಇನ್ನೊಂದು ಸಂಗತಿಯಿದೆ. ಧಾರಾವಾಹಿಯ ಹೆಸರು ನಟ ಚಂದ್ರು, ನಟಿ ಗೀತಾ ಇಬ್ಬರಿಗೂ ಅಂಟಿಕೊಂಡಿತು. ಮುಂದೆ ಇಬ್ಬರೂ ಸತಿಪತಿಗಳಾದರು. ಇದನ್ನು ಬರೀ ತಮಾಷೆಯೆಂದು ಬದಿಗಿಟ್ಟವರು ‘ತೂಗುದೀಪ’ ಚಿತ್ರದಿಂದ ಹೆಸರು ಪಡೆದ ಶ್ರೀನಿವಾಸರನ್ನು, ನಾಟಕದಿಂದ ‘ಮುಖ್ಯಮಂತ್ರಿ’ಯಾದ ಚಂದ್ರು ಅವರನ್ನು ಮರೆತಿದ್ದಾರೆ. ಆಡಿದ ಕೃತಿಯನ್ನೇ ಕಲಾವಿದರ ಹೆಸರಿನ ಮುಂದೆ ಮನೆತನದಂತೆ ಹಚ್ಚುವುದು ನಮ್ಮ ರಂಗಭೂಮಿ, ಚಿತ್ರರಂಗಗಳ ರೂಢಿ. ಕಿರುತೆರೆ ಅದೇ ಸಾಲಿಗೆ ಸೇರಿತು. ಹೆಸರು ಅಂಟಿದ್ದರಿಂದ ಕಥೆಯ ಅಚ್ಚೂ ಇಲ್ಲಿನದೇ ಎಂದು ಸಾಧಿಸಿದಂತಾಗದು, ಒಪ್ಪುತ್ತೇನೆ. ಆದರೆ ಜನ ಧಾರಾವಾಹಿಯನ್ನು ಯಾವ ಸಾಲಿನಲ್ಲಿ ಕೂರಿಸಿಕೊಂಡರು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯವನ್ನು ತರ್ಜುಮೆವಾದಿಗಳು ಮುಂದಿಟ್ಟಿಲ್ಲ. ಈಟಿವಿಯಲ್ಲಿ ‘ಪಾಪ ಪಾಂಡು’ ಅಷ್ಟು ಹೆಸರು ಮಾಡಿದ ಮೇಲೂ ಅದರ ಹಿಂದಿದ್ದ ಚಂದ್ರು ಪಾಂಡು ಚಂದ್ರು ಆಗಲಿಲ್ಲ, ‘ಸಿಹಿಕಹಿ’ಯಾಗಿಯೇ ಉಳಿದರು.