ಒಗೆಯದ ಕಂಬಳಿ

ಟ್ರಿಪ್ ಅಂದ ಕೂಡಲೇ ನಮಗೆ ಚಿಂತೆ: ಎಷ್ಟು ಜೊತೆ ಬಟ್ಟೆ, ಒಗೆಯೋದೆಲ್ಲಿ? ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಕುರಿಗಾಹಿಗಳು ಇದಕ್ಕೆ ಉತ್ತರ ಕಂಡುಕೊಂಡು ತಲೆಮಾರುಗಳೇ ಆದವು. ಮಳೆ ಕಮ್ಮಿಯ ಸೀಮೆ. ಮಂದೆಯ ಹಿಂದೆ ದಿನಗಟ್ಟಲೆ ಅಲೆತ. ಸಿಕ್ಕ ನೀರು ಮೊದಲು ಕುರಿಗೆ.

ಹಾಗಾಗಿ ಹೆಗಲಿಗೆ ಕರಿಕಂಬಳಿ. ಅದೇ ಹಾಸಿಗೆ, ಅದೇ ಹೊದಿಕೆ, ಮಳೆಗೆ ಕೊಪ್ಪೆ. ಉಣ್ಣೆ ತೇವ ಹೀರಿದರೂ ಹತ್ತಿಯಷ್ಟು ಬೇಗ ನಾರೋದಿಲ್ಲ. ಕೊಡವಿ ಬಿಸಿಲಿಗೆ ಹರವಿದರೆ ಆಯ್ತು. ನೇಯ್ಗೆಗೆ ಬಿಗಿ ಕೊಡೋದು ಹುಣಸೆಬೀಜದ ಗಂಜಿ. ಪದೇ ಪದೇ ಒಗೆದರೆ ಅದೂ ಬಿಟ್ಟುಹೋಗುತ್ತೆ.

ಮೊಳಕಾಲ್ಮುರು ರೇಷ್ಮೆ ಸೀರೆಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಕಂಬಳಿ ಹೊದ್ದವರಿಗೆ ಸಿಕ್ಕಿದ್ದು ‘ಕೊಳಕರು’ ಅನ್ನೋ ಮಾತು. ಈಗ ಉಣ್ಣೆಯ ಅದೇ ಗುಣಕ್ಕೆ ಮನಸೋತು ನಾವು ಮೆರಿನೊ ಟೀ ಶರ್ಟಿಗೆ ಸಾವಿರಗಟ್ಟಲೆ ಕೊಡುತ್ತೇವೆ. ಆ ಕರಿಕಂಬಳಿಯಲ್ಲಿ ನನಗೆ ಕಾಣೋದು ನೀರಿನ ಲೆಕ್ಕ.