ನಾಯಿ ಮಾರ್ಕಿನ ಪ್ಲೇಟಿನಲ್ಲಿ ಹುಬ್ಬಳ್ಳಿಯ ಗಾಂಧಾರಿ

ಗಂಗೂಬಾಯಿ ಹಾನಗಲ್ ಎಂದೊಡನೆ ನಿಮ್ಮ ಕಿವಿಗೆ ಯಾವ ದನಿ ಬರುತ್ತದೆ? ಗಂಡಸು ಹಾಡುತ್ತಿದ್ದಾರೋ ಹೆಂಗಸೋ ಎಂದು ಹೊಸಬರು ತಬ್ಬಿಬ್ಬಾಗುವ ಆ ತುಂಬು ಕಂಠ ತಾನೆ? ಆದರೆ 1930ರ ದಶಕದಲ್ಲಿ ಅವರು ಮುಂಬೈಗೆ ಬಂದು ಎಚ್‌ಎಂವಿ ಕಂಪನಿಗೆ ಹಾಡಿದ ಪ್ಲೇಟುಗಳನ್ನು ಕೇಳಿದರೆ ಬೇರೆ ಯಾರೋ ಹುಡುಗಿ ಹಾಡಿದಂತಿದೆ. ತೆಳುವಾದ, ಚುರುಕಾದ, ಎತ್ತರದ ದನಿ. ಲೇಬಲ್ಲಿನ ಮೇಲೆ ಇದ್ದದ್ದು ಹುಬ್ಬಳ್ಳಿಯ ಗಾಂಧಾರಿ ಎಂಬ ಹೆಸರು. ಮುಂದೆ ಗಂಟಲಿನ ತೊಂದರೆ ಬಂತು, ಚಿಕಿತ್ಸೆಯಾಯಿತು, ದನಿ ಕೆಳಗಿಳಿಯಿತು. ಆ ಮೊದಲ ದನಿ ಈಗ ಉಳಿದಿರುವುದು ಆ ಕರಿ ತಟ್ಟೆಗಳಲ್ಲಿ.

ಈ ಮಾತು ಈಗೇಕೆ ಎಂದರೆ, ಹಳೆಯ ಪ್ಲೇಟು, ಹಳೆಯ ಪ್ಲೇಯರುಗಳ ಹುಚ್ಚು ಜಗತ್ತಿಗೆ ಮತ್ತೆ ಹತ್ತಿದೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ಪ್ಲೇಟುಗಳು ಮಾರಾಟವಾದವು, ಸಿ.ಡಿ.ಗಳು 3.3 ಕೋಟಿ. ಇದೆಲ್ಲ ಶೋಕಿ ಎಂದು ಮೂಗು ಮುರಿಯುವವರೂ ಇದ್ದಾರೆ, ಸ್ವಲ್ಪ ನಿಜವೂ ಹೌದು. ಹೊಸದಾಗಿ ಅಚ್ಚಾದ ವಿನೈಲ್‌ನಲ್ಲಿ ಸಿಗುವ ಹಾಡು ಮೊಬೈಲಿನಲ್ಲೂ ಸಿಗುತ್ತದೆ. ವಿನೈಲ್‌ಗಿಂತ ಹಿಂದಿನ, ಅರಗಿನ ಪ್ಲೇಟಿನ ಕತೆ ಹಾಗಲ್ಲ. ಅಲ್ಲಿ ಒಮ್ಮೆ ಒಡೆದದ್ದು ಕೆಲವು ಸಲ ಶಾಶ್ವತವಾಗಿ ಒಡೆದಂತೆಯೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದ ತಂತ್ರಜ್ಞ ಕಲ್ಕತ್ತಕ್ಕೆ ಬಂದು ಹೋಟೆಲೊಂದರಲ್ಲಿ ಯಂತ್ರ ಹೂಡಿದ. ಮೈಕು ಇಲ್ಲದ ಕಾಲ. ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು, ಆ ದನಿಯ ಒತ್ತಡಕ್ಕೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ಗೌಹರ್ ಜಾನ್ ಹಾಡಿ ಮುಗಿಸಿದ ಮೇಲೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿಬಿಡುತ್ತಿದ್ದರು. ಅದು ಠೇಂಕಾರವಲ್ಲ. ಮೇಣದ ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು, ಅಲ್ಲಿನವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಆಗಿನ ಪ್ಲೇಟಿಗೆ ಬೇಕಾದ ಅರಗು ನಮ್ಮದೇ. ಛೋಟಾನಾಗಪುರದ ಕಾಡಿನ ಮರಗಳ ಮೇಲೆ ಪುಟ್ಟ ಕೀಟ ಸುರಿಸುವ ಅಂಟು. ಇಲ್ಲಿಂದ ಹಡಗಿನಲ್ಲಿ ಹೋಗಿ ಹಾಡಾಗಿ ಹಿಂದಿರುಗುತ್ತಿತ್ತು. 1908ರಲ್ಲಿ ಕಲ್ಕತ್ತದ ಸಿಯಾಲ್ದಾದಲ್ಲಿ, 1928ರಲ್ಲಿ ಡಂಡಂನಲ್ಲಿ ಕಾರ್ಖಾನೆಗಳಾದ ಮೇಲೆ ಆ ಪ್ರಯಾಣ ತಪ್ಪಿತು.

ಧಾರವಾಡ, ಹುಬ್ಬಳ್ಳಿಗಳು ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಆ ಕಡೆಯ ಗಾಯಕರಿಗೆ ಪ್ಲೇಟೆಂದರೆ ಮುಂಬೈ. ಮಲ್ಲಿಕಾರ್ಜುನ ಮನ್ಸೂರರೂ 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದರು. ಒಂದು ಬದಿಗೆ ಸುಮಾರು ಮೂರೇ ನಿಮಿಷ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರಲ್ಲಿ ಹಿಂಡಿ ತೆಗೆಯಬೇಕು! ಗಾಂಧಾರಿಯಿಂದ ಕಂಪನಿ ಮರಾಠಿ ಭಾವಗೀತೆಗಳನ್ನೂ, ಜಿ. ಎನ್. ಜೋಶಿಯವರ ಜೊತೆ ಯುಗಳಗೀತೆಗಳನ್ನೂ ಹಾಡಿಸಿತು. ಗಂಭೀರ ಖ್ಯಾಲ್ ಗಾಯಕಿಯೆಂದು ನಾವು ಪೂಜಿಸುವ ಗಂಗೂಬಾಯಿ ಅಲ್ಲಿ ತುಂಟತನದಿಂದ ಹಾಡುವುದನ್ನು ಕೇಳುವುದೇ ಒಂದು ಮಜಾ.

ಪ್ಲೇಟು ಮನೆಗಳನ್ನೂ ಅಲುಗಾಡಿಸಿತು. ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಗದಗಿನ ಹುಡುಗ ಭೀಮಸೇನ ಮೈಮರೆತ ಕತೆ ನಿಮಗೆ ಗೊತ್ತೇ ಇದೆ. 1933ರಲ್ಲಿ, 11ನೇ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಉತ್ತರದ ಊರೂರು ಅಲೆದ. ಕೊನೆಗೆ ಸಿಕ್ಕ ಗುರು ಕುಂದಗೋಳದಲ್ಲಿದ್ದರು: ಖಾನರ ಶಿಷ್ಯ ಸವಾಯಿ ಗಂಧರ್ವರು. ಗಾಂಧಾರಿಯ ಗುರುವೂ ಅವರೇ.

1948ರಲ್ಲಿ ಅಮೆರಿಕದಲ್ಲಿ ವಿನೈಲ್‌ನ ಎಲ್‌ಪಿ ಬಂತು. ಬದಿಗೆ 20 ನಿಮಿಷಕ್ಕೂ ಹೆಚ್ಚು. ಅರಗಿನ ಪ್ಲೇಟು ನಿಧಾನವಾಗಿ ಅಟ್ಟ ಸೇರಿತು. ಅದರ ಹಿಂದೆಯೇ ನಾಲ್ಕು ಹಾಡಿನ ಸಿನಿಮಾ ಪ್ಲೇಟುಗಳು, ಎಚ್‌ಎಂವಿ ಫಿಯೆಸ್ಟಾ ಪ್ಲೇಯರು, ಮರದ ಪೆಟ್ಟಿಗೆಯ ರೇಡಿಯೋಗ್ರಾಂ, ಕಲ್ಕತ್ತದ ಸೋನೋಡೈನ್, ಮುಂಬೈಯ ಕಾಸ್ಮಿಕ್ ಎಲ್ಲ ಬಂದವು. 1980ರ ದಶಕದಲ್ಲಿ ಕ್ಯಾಸೆಟ್ ಬಂದು ಇವೂ ಗುಜರಿಗೆ ಹೋದವು. ಈಗ ಮುಂಬೈಯ ಚೋರ್ ಬಜಾರಿನಲ್ಲಿ ಅವನ್ನೇ ದುಡ್ಡು ಕೊಟ್ಟು ತರುತ್ತಿದ್ದೇವೆ.

ತಂದ ಮೇಲೆ, ಅಥವಾ ಅಜ್ಜನ ಕಾಲದ್ದು ಅಟ್ಟದಲ್ಲೇ ಸಿಕ್ಕರೆ, ಆತುರ ಬೇಡ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟನ್ನು ನೇರವಾಗಿ ಕರೆಂಟಿಗೆ ಸಿಕ್ಕಿಸಬೇಡಿ. ಒಳಗಿನ ಕೆಪ್ಯಾಸಿಟರುಗಳು ಒಣಗಿರುತ್ತವೆ, ಬಲ್ಲವರಿಗೆ ತೋರಿಸಿ. ವಿನೈಲ್ ಒರೆಸಲು ಕೆಲವರು ಬಳಸುವ ಸ್ಪಿರಿಟ್ಟು ಅರಗನ್ನು ಕರಗಿಸುತ್ತದೆ, ಹಾಡು ಕೈಗಂಟಿಕೊಂಡು ಹೋಗುತ್ತದೆ. ಎಲ್‌ಪಿಯ ಸೂಜಿ ಅರಗಿನ ಪ್ಲೇಟಿನ ಅಗಲ ಗೆರೆಗೆ ಬಹಳ ಸಣ್ಣದು. ತಳದಲ್ಲಿ ಉಜ್ಜಿಕೊಂಡು ಬರೀ ಕರಕರ ಸದ್ದು ಮಾಡುತ್ತದೆ. ಅದಕ್ಕೆ 78ರ ಸೂಜಿಯೇ ಬೇಕು.

ಇನ್ನು ವೇಗ. ನಿಮಿಷಕ್ಕೆ 78 ಸುತ್ತು ಎಂದು ಹೆಸರೇ ಹೊರತು, ಹಳೆಯ ಪ್ಲೇಟುಗಳೆಲ್ಲ ಅದನ್ನು ಪಾಲಿಸಿಲ್ಲ. ವೇಗ ನೂರಕ್ಕೆ 6ರಷ್ಟು ಏರಿದರೆ ಶ್ರುತಿ ಅರ್ಧ ಸ್ವರ ಮೇಲಕ್ಕೆ ಹೋಗುತ್ತದೆ, ಯಾರ ದನಿಯೇ ಆದರೂ ತೆಳುವಾಗುತ್ತದೆ. ಹಾಗಾದರೆ ಗಾಂಧಾರಿಯ ದನಿಯೂ ಬರೀ ವೇಗದ ಮಾಯೆಯೇ ಎಂದು ನೀವು ಕೇಳಬಹುದು. ಅಲ್ಲ. ಅರ್ಧ ಸ್ವರ ಇಳಿಸಿ ಕೇಳಿದರೂ ಅದು ನಮಗೆ ಗೊತ್ತಿರುವ ಗಂಗೂಬಾಯಿ ಆಗುವುದಿಲ್ಲ. ಆದರೆ ಎಷ್ಟು ಎತ್ತರದಲ್ಲಿ ಹಾಡುತ್ತಿದ್ದರೆಂದು ಖಚಿತವಾಗಿ ಹೇಳಲು ಒಳ್ಳೆಯ ಸ್ಥಿತಿಯ ಮೂಲ ಪ್ಲೇಟು, ವೇಗ ಹೊಂದಿಸಬಲ್ಲ ಯಂತ್ರ ಎರಡೂ ಬೇಕು. ಇಂಟರ್‌ನೆಟ್‌ನಲ್ಲಿ ಯಾರೋ ಯಾವುದೋ ವೇಗದಲ್ಲಿ ಏರಿಸಿದ ಹಾಡನ್ನು ನಂಬಿ ತೀರ್ಪು ಕೊಡಲಾಗದು.

ನಿಮ್ಮಲ್ಲಿ ಇಂಥ ಪ್ಲೇಟಿದ್ದರೆ ಕಿಲೋ ಲೆಕ್ಕದಲ್ಲಿ ಹಾಕುವ ಮೊದಲು ಹಳೆಯ ಧ್ವನಿಮುದ್ರಿಕೆಗಳನ್ನು ಡಿಜಿಟಲ್ ಮಾಡಿಡುವವರನ್ನು ಕೇಳಿ. ಬೆಂಗಳೂರಿನಲ್ಲಿ ಆರಂಭವಾದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಈ ಕೆಲಸ ಮಾಡಿದೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಹಾಗೆಯೇ ಚೋರ್ ಬಜಾರಿನಲ್ಲಿ ರಾಶಿ ಕೆದಕುವಾಗ ಗಂಗೂಬಾಯಿ ಎಂಬ ಹೆಸರನ್ನೊಂದೇ ಹುಡುಕಬೇಡಿ. ನಾಯಿ ಮಾರ್ಕಿನ ಲೇಬಲ್ಲಿನ ಧೂಳು ಒರೆಸಿ, ಗಾಂಧಾರಿ ಎಂದಿದೆಯೇ ನೋಡಿ.