ಹುಂಜದ ಜುಟ್ಟಿಗೆ ಹಿಡಿದ ಬೂಷ್ಟು

ಹುಂಜದ ಕೆಂಪು ಜುಟ್ಟಿನ ಮೇಲೆ ಮೊದಲು ಒಂದೆರಡು ಬಿಳಿ ಚುಕ್ಕೆ ಕಾಣಿಸಿಕೊಳ್ಳುತ್ತವೆ. ದಿನ ಕಳೆದಂತೆ ಅವು ಒಂದಕ್ಕೊಂದು ಕೂಡಿ, ಜುಟ್ಟಿಗೆ ಅಕ್ಕಿಹಿಟ್ಟು ಉದುರಿಸಿದ ಹಾಗಾಗುತ್ತದೆ. ಗಂಟಲ ಕೆಳಗೆ ಜೋಲುವ ತೊಗಲಿಗೂ ಅದೇ ಪುಡಿ ಹಬ್ಬುತ್ತದೆ. ಬಹುಪಾಲು ಕೋಳಿಗಳಲ್ಲಿ ರೋಗ ಅಲ್ಲಿಗೇ ನಿಂತು ಕೆಲವು ತಿಂಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ನಿಲ್ಲದೆ ಕತ್ತಿನತ್ತ, ಮೈಯತ್ತ ಇಳಿದರೆ ಕಷ್ಟ. ಗರಿಯ ಬುಡದ ಸುತ್ತ ದಪ್ಪನೆಯ ಹಕ್ಕಳೆ ಕಟ್ಟುತ್ತದೆ, ಗರಿ ಉದುರುತ್ತದೆ, ಮೈಯಿಂದ ಮುಗ್ಗಲು ವಾಸನೆ ಬರುತ್ತದೆ, ಕೋಳಿ ಸೊರಗುತ್ತದೆ.

ಪಶುವೈದ್ಯರು ಇದನ್ನು ಕೋಳಿಗಳ ಫೇವಸ್ ಎನ್ನುತ್ತಾರೆ. ಮನುಷ್ಯರ ಹುಳುಕಡ್ಡಿಗೆ ಕಾರಣವಾದ ಶಿಲೀಂಧ್ರಗಳ ಬಳಗಕ್ಕೇ ಸೇರಿದ ಒಂದು ಶಿಲೀಂಧ್ರದಿಂದ ಇದು ಬರುತ್ತದೆ. ಕೂದಲು, ಉಗುರು, ಗರಿ, ತೊಗಲಿನ ಮೇಲ್ಪದರಗಳಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ಅರಗಿಸಿಕೊಳ್ಳುವುದು ಈ ಬಳಗದ ವಿಶೇಷ ಶಕ್ತಿ.

ಇದರ ಚರಿತ್ರೆ ಹೇಳಹೊರಟರೆ ರೇಷ್ಮೆಯ ಹುಳುಮನೆಯಿಂದ ಶುರುಮಾಡಬೇಕು. ಉತ್ತರ ಇಟಲಿಯ ಲೋಡಿ ಪಟ್ಟಣದ ಹತ್ತಿರ 1773ರಲ್ಲಿ ಹುಟ್ಟಿದ ಅಗೊಸ್ಟಿನೊ ಬಾಸ್ಸಿ ಓದಿದ್ದು ಕಾನೂನು. ಕಣ್ಣಿನ ತೊಂದರೆ ಕಾಡುತ್ತಿದ್ದರೂ ಎರಡು ದಶಕಕ್ಕೂ ಹೆಚ್ಚು ಕಾಲ ಆತ ಒಂದೇ ಪ್ರಶ್ನೆಯ ಬೆನ್ನು ಹತ್ತಿದ: ರೇಷ್ಮೆಹುಳುಗಳು ಸತ್ತು, ಸೆಟೆದು, ಮೈತುಂಬ ಬಿಳಿ ಪುಡಿ ಕಟ್ಟಿಕೊಳ್ಳುವುದೇಕೆ? ರಾಮನಗರ, ಚನ್ನಪಟ್ಟಣದ ರೈತರು ಸುಣ್ಣಕಟ್ಟು ಎಂದು ಕರೆಯುವುದು ಇದೇ ರೋಗವನ್ನು. ಹವೆ, ಸೊಪ್ಪು, ಗಾಳಿ ಎಂದು ಎಲ್ಲದರ ಮೇಲೂ ಅನುಮಾನಪಟ್ಟು ಸೋತ ಬಾಸ್ಸಿ, ಕೊನೆಗೆ ರೋಗದ ಹುಳುವಿನಿಂದ ತೆಗೆದದ್ದನ್ನು ಸೂಜಿಯ ಮೊನೆಯಲ್ಲಿ ಆರೋಗ್ಯದ ಹುಳುವಿಗೆ ಚುಚ್ಚಿ ಅದೇ ರೋಗ ಬರಿಸಿ ತೋರಿಸಿದ. ಕಾರಣ ಒಂದು ಜೀವಂತ ಶಿಲೀಂಧ್ರ ಎಂದು 1835ರಲ್ಲಿ ಪುಸ್ತಕ ಪ್ರಕಟಿಸಿದ. ಪ್ರಾಣಿಯ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಪುರಾವೆಗಳಲ್ಲಿ ಇದೊಂದು. ರಾಬರ್ಟ್ ಕಾಖ್ ನೆರಡಿ ರೋಗದ ಬ್ಯಾಕ್ಟೀರಿಯಾವನ್ನು ವಿವರಿಸಿದ್ದು ಇದಾಗಿ ನಾಲ್ಕು ದಶಕದ ಮೇಲೆ, 1876ರಲ್ಲಿ. ನಮ್ಮ ಶಾಲೆಯ ಪಾಠಗಳಲ್ಲಿ ಕಾಖ್ ಮತ್ತು ಪಾಶ್ಚರ್ ಇದ್ದಾರೆ, ಬಾಸ್ಸಿ ಇಲ್ಲ. ಇರಬೇಕಿತ್ತು.

ಬಾಸ್ಸಿಯ ಕೆಲಸ ಜ್ಯೂರಿಕ್‌ನಲ್ಲಿದ್ದ ವೈದ್ಯ ಯೋಹಾನ್ ಲುಕಾಸ್ ಶ್ಯೋನ್‌ಲೈನ್ ಕಣ್ಣಿಗೆ ಬಿತ್ತು. ಹುಳುವಿನ ಕಾಯಿಲೆಗೆ ಬೂಷ್ಟು ಕಾರಣವಾದರೆ ಮನುಷ್ಯನ ಚರ್ಮರೋಗಕ್ಕೂ ಯಾಕಾಗಬಾರದು ಎಂದು ಆತ ಯೋಚಿಸಿದ. ಆ ಕಾಲದ ಯುರೋಪಿನ ಬಡಮಕ್ಕಳ ತಲೆಯಲ್ಲಿ ಹಳದಿ ಹಕ್ಕಳೆ ಕಟ್ಟಿ, ಕೂದಲನ್ನು ಕಾಯಂ ಉದುರಿಸುತ್ತಿದ್ದ ಫೇವಸ್ ರೋಗದ ಹಕ್ಕಳೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಶಿಲೀಂಧ್ರ ಕಂಡಿತು. 1839ರಲ್ಲಿ ಆತ ಪ್ರಕಟಿಸಿದ್ದು ಒಂದು ಪುಟ್ಟ ಟಿಪ್ಪಣಿಯನ್ನಷ್ಟೇ. ಪ್ಯಾರಿಸ್ಸಿನಲ್ಲಿ ಡೇವಿಡ್ ಗ್ರೂಬಿ 1841ರಲ್ಲಿ ಸ್ವತಂತ್ರವಾಗಿ ಅದೇ ಮಾತನ್ನು ಇನ್ನಷ್ಟು ವಿವರವಾಗಿ ಹೇಳಿದ. ಬರ್ಲಿನ್ನಿನ ರಾಬರ್ಟ್ ರೆಮಾಕ್ ಸ್ವಂತ ತೋಳಿಗೇ ಆ ಹಕ್ಕಳೆಯನ್ನು ಅಂಟಿಸಿಕೊಂಡು ರೋಗ ಬರಿಸಿಕೊಂಡ. ಯಹೂದಿ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಹುದ್ದೆಗೆ ವರ್ಷಗಟ್ಟಲೆ ಕಾಯಬೇಕಾಗಿ ಬಂದ ಮನುಷ್ಯ ಆತ. ಶಿಲೀಂಧ್ರಕ್ಕೆ ಹೆಸರಿಡುವಾಗ ಮಾತ್ರ ತನ್ನ ಹೆಸರನ್ನು ಬಿಟ್ಟು ಶ್ಯೋನ್‌ಲೈನ್ ಹೆಸರನ್ನೇ ಇಟ್ಟ.

ಹೀಗೆ ಹುಳುವಿನಿಂದ ಮಕ್ಕಳ ತಲೆಗೆ ಬಂದ ತಿಳಿವಳಿಕೆ ಕೋಳಿಗೂಡನ್ನೂ ಮುಟ್ಟಿತು. ಫ್ರಾನ್ಸಿನ ಸೇನೆಯ ಪಶುವೈದ್ಯ ಪಿಯರ್ ಮೆನ್ಯಾಂ 1881ರಲ್ಲಿ ಕೋಳಿಯ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಹೆಸರಿಟ್ಟು ವಿವರಿಸಿದ. ಶವದ ಮೇಲೆ ಯಾವ ಕೀಟ ಯಾವಾಗ ಬರುತ್ತದೆ ಎಂದು ಲೆಕ್ಕ ಹಾಕಿ ಅಪರಾಧ ತನಿಖೆಗೆ ಹೊಸ ದಾರಿ ತೆರೆದವನೂ ಈತನೇ. ಆಮೇಲೆ ಶುರುವಾಯಿತು ಹೆಸರಿನ ಎಳೆದಾಟ. 1899ರಲ್ಲಿ ಮಾತ್ರುಶೊ ಮತ್ತು ದಸ್ಸೋನ್‌ವೀಲ್ ಎಂಬ ಇಬ್ಬರು ಇದಕ್ಕೆಂದೇ ಲೋಫೊಫೈಟಾನ್ ಎಂಬ ಹೊಸ ಕುಲ ಕಟ್ಟಿದರು. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ರೇಮಂಡ್ ಸಬುರೋ 1910ರಲ್ಲಿ ಅದನ್ನು ಮನುಷ್ಯರ ಫೇವಸ್ ಶಿಲೀಂಧ್ರದ ಕುಲಕ್ಕೆ ಸೇರಿಸಿದ. 1929ರಲ್ಲಿ ಅದು ಮೈಕ್ರೋಸ್ಪೋರಮ್ ಆಯಿತು. 2017ರಲ್ಲಿ ಡಿಎನ್‌ಎ ಜಾಡು ಹಿಡಿದು ಇಡೀ ಬಳಗವನ್ನು ಮರುವಿಂಗಡಣೆ ಮಾಡಿದ ವಿಜ್ಞಾನಿಗಳು ಪುನಃ ಲೋಫೊಫೈಟಾನ್‌ಗೇ ಮರಳಿದರು. ಆ ಇಬ್ಬರ ಕಣ್ಣಂದಾಜು ಒಂದು ಶತಮಾನದ ಮೇಲೆ ಸರಿ ಎಂದಾಯಿತು.

ಸಬುರೋ ಕೊಟ್ಟ ಕೊಡುಗೆ ಹೆಸರಿಗಿಂತ ದೊಡ್ಡದು. ಸಕ್ಕರೆ ಮತ್ತು ಪೆಪ್ಟೋನ್ ಬೆರೆಸಿದ ಅಗರ್ ಮೇಲೆ ಶಿಲೀಂಧ್ರ ಬೆಳೆಸುವ ಆತನ ಕ್ರಮ ಇಂದಿಗೂ ಪ್ರಯೋಗಾಲಯಗಳಲ್ಲಿದೆ. ಜುಟ್ಟಿನಿಂದ ಕೆರೆದ ಪುಡಿಯನ್ನು ಅದರ ಮೇಲೆ ಇಟ್ಟರೆ ಮೊದಲು ಬಿಳಿಯ ನವಿರು ಬೆಳೆ ಏಳುತ್ತದೆ, ಮೆಲ್ಲಗೆ ಗುಲಾಬಿಗೆ ತಿರುಗುತ್ತದೆ, ಆಮೇಲೆ ಅಡಿಯ ಅಗರಿಗೆಲ್ಲ ಕೆಂಪು ಬಣ್ಣ ಇಳಿಯುತ್ತದೆ. ಈ ಬಣ್ಣವೇ ಪತ್ತೆಯ ಒಂದು ದೊಡ್ಡ ಗುರುತು.

ಗರಿಯ ಮೇಲಿರುವ ಶಿಲೀಂಧ್ರವೆಲ್ಲ ರೋಗ ತರುವುದಿಲ್ಲ. 1952ರಲ್ಲಿ ವಾನ್‌ಬ್ರೂಸೆಗೆಮ್ ಎಂಬ ವಿಜ್ಞಾನಿ ಮಣ್ಣನ್ನು ತಟ್ಟೆಗೆ ಹಾಕಿ, ಒದ್ದೆ ಮಾಡಿ, ಮೇಲೆ ಕ್ರಿಮಿಮುಕ್ತ ಕೂದಲು ಹರಡಿ ಕಾಯುವ ಸರಳ ವಿಧಾನ ತಿಳಿಸಿದ. ಅಂದಿನಿಂದ ಮಣ್ಣಿನಲ್ಲಿ ಕೂದಲು, ಗರಿ ತಿಂದು ಬದುಕುವ ಜಾತಿಗಳು ಸಾಲುಸಾಲಾಗಿ ಸಿಕ್ಕವು. ಆರೋಗ್ಯವಾಗಿರುವ ಹಕ್ಕಿಗಳ ಗರಿಯಲ್ಲೂ ಅವು ಇರುತ್ತವೆ. ಉದುರಿದ ಗರಿ ಕೊಳೆತು ಮಣ್ಣಾಗುವುದರಲ್ಲಿ ಅವುಗಳ ಪಾಲಿದೆ. ಜುಟ್ಟಿಗೆ ಹತ್ತುವ ಶಿಲೀಂಧ್ರದ ದಾರಿ ಬೇರೆ, ಅದು ಕೋಳಿಯಿಂದ ಕೋಳಿಗೆ ದಾಟುತ್ತದೆ.

ಇಂದಿನ ದೊಡ್ಡ ಫಾರಂಗಳಲ್ಲಿ ಈ ರೋಗ ಅಪರೂಪ. ಅದು ಉಳಿದುಕೊಂಡಿರುವುದು ಹಿತ್ತಿಲ ಕೋಳಿಗಳಲ್ಲಿ, ಕಾಳಗದ ಹುಂಜಗಳಲ್ಲಿ. ಒಂದರ ಜುಟ್ಟನ್ನು ಇನ್ನೊಂದು ಕುಕ್ಕುವ ಆಟದಲ್ಲಿ ಸೋಂಕಿಗೆ ದಾರಿ ಸಲೀಸು. ಜಪಾನಿನ ಒಕಿನಾವಾದಲ್ಲಿ ಕಾಳಗದ ಹುಂಜ ಸಾಕುತ್ತಿದ್ದವರೊಬ್ಬರ ಮೈಮೇಲೆ ಎದ್ದ ಹುಳುಕಡ್ಡಿಗೆ ಇದೇ ಶಿಲೀಂಧ್ರ ಕಾರಣ ಎಂದು ವೈದ್ಯರು 2011ರಲ್ಲಿ ವರದಿ ಮಾಡಿದರು. ಮನುಷ್ಯರಿಗೆ ಇದು ತಗಲುವುದು ಕಡಿಮೆ, ಆದರೆ ತಗಲುತ್ತದೆ.

ಹಾಗಾಗಿ ನಾಟಿಕೋಳಿ ಸಾಕುವವರಲ್ಲಿ ಒಂದು ವಿನಂತಿ. ಜುಟ್ಟಿನ ಮೇಲಿನ ಬಿಳಿ ಪುಡಿಯನ್ನು ಕೊಳೆಯೆಂದು ಒರೆಸಿ ಬಿಡಬೇಡಿ, ಸಿಡುಬಿನ ಗುಳ್ಳೆಯೆಂದು ತಪ್ಪು ತಿಳಿಯಲೂಬೇಡಿ. ಆ ಕೋಳಿಯನ್ನು ಬೇರೆ ಕಟ್ಟಿ, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆದುಕೊಳ್ಳಿ, ಹತ್ತಿರದ ಪಶುವೈದ್ಯರಿಗೆ ತೋರಿಸಿ.